ಸುಳ್ಳು ಹೇಳಿದವಳ ಪಕ್ಕದಲ್ಲಿ ಕೂತು

ಕಳೆದ ತಿಂಗಳು ಒಂದು ಕಾದಂಬರಿಯನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂದಿತ್ತು ನನಗೆ. (ಲೈಬ್ರರಿ ಪುಸ್ತಕ, ಹಾಗಾಗಿ ಎಸೆಯಲಿಲ್ಲ.) ಬರೆದವರ ಮೇಲಲ್ಲ ಸಿಟ್ಟು. ಅದರೊಳಗಿದ್ದ ಒಬ್ಬ ಹೆಂಗಸಿನ ಮೇಲೆ.

ಹಿರಿಯೂರಿನ ನನ್ನ ದೊಡ್ಡಮ್ಮ ತಿಪ್ಪಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿತ್ತು. ಮಗ-ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಹಗಲು ಹೊತ್ತು ಡ್ರಾಪ್ಸ್ ಹಾಕಲು ಯಾರಾದರೂ ಬೇಕಲ್ಲ? ಚಿತ್ರದುರ್ಗದಿಂದ ನಾನು ರಜೆ ಹಾಕಿ ಹೋದೆ. ಟಿವಿ ನೋಡುವ ಹಾಗಿಲ್ಲ, ಮೊಬೈಲ್ ಮುಟ್ಟುವ ಹಾಗಿಲ್ಲ. ಸೀರಿಯಲ್ ಇಲ್ಲದೆ ದೊಡ್ಡಮ್ಮ ಚಡಪಡಿಸತೊಡಗಿದಳು. ಬ್ಯಾಗಿನಲ್ಲಿದ್ದ ಕಾದಂಬರಿ ತೆಗೆದು ಜೋರಾಗಿ ಓದಲು ಕೂತೆ.

ತುಂಬು ಕುಟುಂಬದ ಕಥೆ. ಹಿರಿಸೊಸೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ಮನೆಯ ಕಿರಿಮಗಳಿಗೆ ಒಳ್ಳೆಯ ಸಂಬಂಧ ಕೂಡಿಬರುತ್ತದೆ. ಈ ಹಿರಿಸೊಸೆ, ಹುಡುಗಿಯ ನಡತೆ ಸರಿಯಿಲ್ಲ ಅಂತ ಗಂಡಿನ ಕಡೆಯವರ ಕಿವಿ ಊದುತ್ತಾಳೆ. ಮದುವೆ ಮುರಿಯುತ್ತದೆ. ಹುಡುಗಿ ಅಳುವಾಗ ತಲೆ ನೇವರಿಸುವವಳೂ ಇವಳೇ.

ಎಂಥ ಹೆಂಗಸಪ್ಪ ಅಂತ ಪುಸ್ತಕ ಮುಚ್ಚಿದೆ. ಮರುಕ್ಷಣ ನಾಲಿಗೆ ಕಚ್ಚಿಕೊಂಡೆ. ಯಾಕೆಂದರೆ ಇಂಥದೇ ಕಥೆ ದೊಡ್ಡಮ್ಮನ ಬದುಕಲ್ಲೂ ನಡೆದಿತ್ತು.

ದೊಡ್ಡಮ್ಮನ ತವರು ಹೊಳಲ್ಕೆರೆ. ವಯಸ್ಸಿಗೆ ಬಂದಾಗ ಹೊಸದುರ್ಗದ ಮೇಷ್ಟ್ರೊಬ್ಬರ ಸಂಬಂಧ ಬಂದಿತ್ತಂತೆ. ಮಾತುಕತೆ ಮುಗಿದಿತ್ತು. ಅಷ್ಟರಲ್ಲಿ ಅಣ್ಣನ ಹೆಂಡತಿ ಹಾಲಮ್ಮ, ಹುಡುಗಿಗೆ ಮೂರ್ಛೆರೋಗ ಇದೆ ಅಂತ ಗಂಡಿನ ಮನೆಗೆ ಹೇಳಿ ಕಳಿಸಿದಳು. ಶುದ್ಧ ಸುಳ್ಳು. ಆ ಸುಳ್ಳು ಊರೂರು ಸುತ್ತಿತು. ಆಮೇಲೆ ಬಂದವರೆಲ್ಲ ಬಾಗಿಲವರೆಗೆ ಬಂದು ವಾಪಸ್. ಎಷ್ಟೋ ವರ್ಷದ ಮೇಲೆ ಹಿರಿಯೂರಿನ, ಹೆಂಡತಿ ತೀರಿಕೊಂಡಿದ್ದ ಒಬ್ಬರನ್ನು ಮದುವೆಯಾದಳು. (ದೊಡ್ಡಪ್ಪ ದೇವರಂಥ ಮನುಷ್ಯ, ಅದು ಬೇರೆ ಮಾತು.)

ಹಾಲಮ್ಮ ನಮಗೆಲ್ಲ ಹೊಳಲ್ಕೆರೆ ಅತ್ತೆ. ಅತ್ತಿಗೆ-ನಾದಿನಿ ಮಾತು ಬಿಟ್ಟು ಒಂದು ತಲೆಮಾರೇ ಕಳೆದಿತ್ತು. ಮದುವೆಮನೆಗಳಲ್ಲಿ ಒಬ್ಬರು ಈ ಗೋಡೆಗೆ, ಇನ್ನೊಬ್ಬರು ಆ ಗೋಡೆಗೆ. ನಾವು ಮಕ್ಕಳೆಲ್ಲ ದೊಡ್ಡಮ್ಮನ ಪಾರ್ಟಿ. ನಿಮ್ಮ ಮನೆಯ ವಿಲನ್ ಯಾರು ಅಂತ ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆವು.

ಬೇರೆ ಪುಸ್ತಕ ತರುತ್ತೇನೆ ಅಂದೆ. ದೊಡ್ಡಮ್ಮ ಬೇಡವೆಂದಳು, ಮುಂದಕ್ಕೆ ಓದು ಅಂದಳು.

ಈ ಕಾದಂಬರಿ ಬರೆಯುವವರು ದೊಡ್ಡ ತರಲೆಗಳು. ನಮ್ಮನ್ನು ಆರಾಮಾಗಿ ಸಿಟ್ಟು ಮಾಡಿಕೊಂಡು ಕೂರಲು ಬಿಡುವುದಿಲ್ಲ. ಮುಂದಿನ ಅಧ್ಯಾಯದಲ್ಲಿ ಆ ಹಿರಿಸೊಸೆಯ ಒಂದು ದಿನ ಬರುತ್ತದೆ. ಬೆಳಗಿನಿಂದ ಎಲ್ಲರೂ ಆಕೆಗೆ ಏನಾದರೂ ಹೇಳುತ್ತಲೇ ಇರುತ್ತಾರೆ. ನೀರು ಕೊಡು, ಒಲೆ ನೋಡು, ಬಟ್ಟೆ ತೆಗಿ. ಆಕೆಯ ಜೊತೆ ಮಾತಾಡುವವಳು ಮಾತ್ರ ಒಬ್ಬಳೇ, ಆ ಕಿರಿಮಗಳು. ಅವಳೂ ಮದುವೆಯಾಗಿ ಹೋದರೆ? ಆಕೆ ಮಾಡಿದ್ದು ಸರಿ ಅಂತ ಲೇಖಕರು ಎಲ್ಲೂ ಹೇಳುವುದಿಲ್ಲ. ಸುಮ್ಮನೆ ನಮ್ಮನ್ನು ಆಕೆಯ ಪಕ್ಕ ಕೂರಿಸಿ ಎದ್ದು ಹೋಗುತ್ತಾರೆ.

ಓದುತ್ತ ನನಗೇ ಆಕೆಗಾಗಿ ಸಂಕಟವಾಯಿತು. ಸಂಕಟವಾಗಬೇಕಾದದ್ದು ಮದುವೆ ಮುರಿದ ಹುಡುಗಿಗಾಗಿ ತಾನೆ? ಸುಳ್ಳು ಹೇಳಿದವಳಿಗಾಗಿ ಯಾಕೆ?

ಆ ಅಧ್ಯಾಯ ಮುಗಿದದ್ದೇ ದೊಡ್ಡಮ್ಮ ಪುಸ್ತಕ ಮುಚ್ಚಿಸಿದಳು. ಆಮೇಲೆ ಮೆಲ್ಲಗೆ ಹೇಳತೊಡಗಿದಳು. ಹಾಲಮ್ಮನಿಗೆ ಮಕ್ಕಳಾಗಲಿಲ್ಲ. ಬೆಳಗೆದ್ದು ಆಕೆಯ ಮುಖ ಕಂಡರೆ ಅತ್ತೆ, ಅಂದರೆ ನಮ್ಮಜ್ಜಿ, ಗೊಣಗುತ್ತಿದ್ದರಂತೆ. ಆಕೆಯ ಗಂಡ, ನಮ್ಮ ಮಾವ, ಲಾರಿ ಹತ್ತಿ ಹೋದರೆ ಯಾವಾಗಲೋ ಬರುವವರು. ಅತ್ತಿಗೆ-ನಾದಿನಿ ಒಂದೇ ಚಾಪೆಯಲ್ಲಿ ಮಲಗಿ ಪಿಸುಗುಟ್ಟಿ ನಗುತ್ತಿದ್ದರಂತೆ. ಇದನ್ನು ದೊಡ್ಡಮ್ಮ ನಮಗೆ ಯಾವತ್ತೂ ಹೇಳಿರಲಿಲ್ಲ. ವಿಲನ್ ಕಥೆಯಲ್ಲಿ ಇಂಥದಕ್ಕೆಲ್ಲ ಜಾಗ ಎಲ್ಲಿ?

"ಕಣ್ಣು ವಾಸಿ ಆಗ್ಲಿ, ಹೊಳಲ್ಕೆರೆಗೆ ಹೋಗಾಣ. ಅವಳನ್ನ ಒಂದು ಮಾತು ಕೇಳೋದೈತೆ" ಅಂದಳು.

ಡಾಕ್ಟರು ಹೂಂ ಅಂದ ಮೇಲೆ ಹೊರಟೆವು. ಚಿತ್ರದುರ್ಗದಲ್ಲಿ ಬಸ್ ಬದಲಿಸುವಾಗ ಕಪ್ಪು ಕನ್ನಡಕದ ದೊಡ್ಡಮ್ಮ ನನ್ನ ಕೈ ಹಿಡಿದು, ವಾಪಸ್ ಹೋಗಿಬಿಡೋಣ ಅಂದಳು. ಅಷ್ಟರಲ್ಲಿ ಹೊಳಲ್ಕೆರೆಯ ಬಸ್ ಬಂತು. ಅವಳೇ ಮೊದಲು ಹತ್ತಿದಳು.

ಹಾಲಮ್ಮತ್ತೆ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಾದಿನಿಯನ್ನು ಕಂಡು ಕೈ ನಿಂತಿತು. "ಬರ್ರಿ, ಕುಂತ್ಕಳ್ರಿ" ಅಂದಳು. ಗುರುತಿಲ್ಲದವರಿಗೆ ಹೇಳುವ ಹಾಗೆ, ಬಹುವಚನದಲ್ಲಿ.

ದೊಡ್ಡಮ್ಮ ಕೂತಳು. ಆರಾಮಾ, ಊಟ ಆಯ್ತಾ, ಏನೂ ಇಲ್ಲ. "ಅತ್ತಿಗೆ, ನಂಗೆ ಮೂರ್ಛೆ ಬರ್ತೈತೆ ಅಂತ ಯಾಕೆ ಹೇಳ್ದೆ?"

ಹಾಲಮ್ಮತ್ತೆ ಇಲ್ಲ ಅನ್ನಲಿಲ್ಲ. ತಲೆ ಎತ್ತದೆ ಹೇಳಿದಳು: "ನೀನು ಹೋದ್ರೆ ಆ ಮನೇಲಿ ನನ್ ಜತಿಗೆ ಮಾತಾಡೋರು ಯಾರಿದ್ರು? ಇದೊಂದು ಸಂಬಂಧ ತಪ್ಪಿದ್ರೆ ಇನ್ನೊಂದು ವರ್ಷ ಇರ್ತೀಯ ಅಂದ್ಕಂಡೆ. ಅದು ಹಿಂಗೆ ಊರೆಲ್ಲ ಹಬ್ತೈತೆ ಅಂತ ಗೊತ್ತಾಗ್ಲಿಲ್ಲ. ಮಾತಿಗೆ ಅಂತ ನಿನ್ನ ಉಳಿಸ್ಕಂಡೆ ತಿಪ್ಪಿ. ನೀನು ಮಾತೇ ಬಿಟ್ಟೆ."

ಸಂಬಂಧ ಮುರಿದ ಮೇಲೂ ಇಬ್ಬರೂ ವರ್ಷಗಟ್ಟಲೆ ಅದೇ ಮನೆಯಲ್ಲಿದ್ದರು. ಒಂದೇ ಒಲೆ, ಒಂದೇ ಬಚ್ಚಲು. ಮಾತಿಲ್ಲ. ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ಕೋರ್ಟು ಕೊಡುತ್ತಿತ್ತು?

ದೊಡ್ಡಮ್ಮ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಳ್ಳಲು ಹೋದಳು. (ಉಜ್ಜಬಾರದು ಅಂತ ಡಾಕ್ಟರು ಹೇಳಿದ್ದರು. ನಾನು ಕೈ ಹಿಡಿದುಕೊಂಡೆ.) ಹಾಲಮ್ಮತ್ತೆ ಕ್ಷಮಿಸು ಅನ್ನಲಿಲ್ಲ. ದೊಡ್ಡಮ್ಮ ಕ್ಷಮಿಸಿದೆ ಅನ್ನಲೂ ಇಲ್ಲ. ಸ್ವಲ್ಪ ಹೊತ್ತಿಗೆ ಮೊರದಿಂದ ಒಂದು ಹಿಡಿ ಹುಣಸೆಹಣ್ಣನ್ನು ತನ್ನ ಕಡೆಗೆ ಎಳೆದುಕೊಂಡಳು. ಮಂಡಿನೋವು, ಶುಗರ್ ಮಾತ್ರೆ, ಯಾರ ಮನೆ ಸೊಸೆ ಹೆಂಗೆ ಅಂತ ಮಾತು ಶುರುವಾಯಿತು. ಸಂಜೆ ದೊಡ್ಡಮ್ಮನನ್ನು ಬಸ್ಸಿಗೆ ಎಬ್ಬಿಸುವುದೇ ಕಷ್ಟವಾಯಿತು.

ಬಸ್ಸಲ್ಲಿ ಕೇಳಿದೆ, ಸಿಟ್ಟು ಹೋಯಿತಾ ಅಂತ.

"ಎಲ್ಲಿಂದ ಹೋಗ್ತೈತೆ? ಅವಳು ಮಾಡಿದ್ದು ತಪ್ಪೇ" ಅಂದಳು ದೊಡ್ಡಮ್ಮ. ಸ್ವಲ್ಪ ದೂರ ಹೋದ ಮೇಲೆ ಅವಳೇ ಸೇರಿಸಿದಳು: "ಆದ್ರೂ ಪಾಪ ಕಣವ್ವ. ಮುಂದಿನ ವಾರ ಮತ್ತೆ ಬರಾಣ."

ತಪ್ಪೇ. ಆದರೂ ಪಾಪ. ಈ ಎರಡು ಮಾತನ್ನು ಒಟ್ಟಿಗೆ ಹೇಳಲು ನಮಗೆಷ್ಟು ಭಯ ನೋಡಿ. ಕನಿಕರ ತೋರಿಸಿದರೆ ತಪ್ಪಿಗೆ ಸರ್ಟಿಫಿಕೇಟ್ ಕೊಟ್ಟಂತೆ ಅಂದುಕೊಂಡಿದ್ದೇವೆ. ಹಾಗಾಗಿ ಎಷ್ಟೋ ಮನೆಗಳಲ್ಲಿ ಯಾರೂ ಯಾರನ್ನೂ "ಯಾಕೆ" ಅಂತ ಕೇಳುವುದೇ ಇಲ್ಲ.

ಕಾದಂಬರಿಯಲ್ಲಿ ತಪ್ಪು ಮಾಡಿದವರಿಗೆ ಇಡೀ ಒಂದು ಅಧ್ಯಾಯ ಕೊಡುವ ನಾವು, ಮನೆಯಲ್ಲಿರುವ ಅಂಥವರಿಗೆ ಒಂದು ಪ್ಯಾರಾ ಆದರೂ ಕೊಟ್ಟಿದ್ದೇವಾ?