ಯಾರನ್ನೂ ಭೇಟಿಯಾಗದವರು

ಆರೋಗ್ಯ ಕಚೇರಿಯ ಗುಮಾಸ್ತೆ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಸಂಪಾದಿಸಿದ ಅಡ್ಡಹೆಸರು ಕೊಂಕಮ್ಮ. ಯಾವ ಫಾರಂ ಕೊಟ್ಟರೂ ಅದರಲ್ಲೊಂದು ಕೊಂಕು ಹುಡುಕದೆ ಮುಂದಕ್ಕೆ ಸರಿಸುವವಳಲ್ಲ.

ಊರಿಗೆಲ್ಲ ಕೆಮ್ಮು-ಜ್ವರ ಹಬ್ಬಿದ ವರ್ಷ ಅವಳ ಮೇಜಿಗೆ ಎಂಟುನೂರು ಫಾರಂಗಳು ಬಂದವು. ನಿನ್ನೆ ಎಷ್ಟು ಜನರ ಹತ್ತಿರ ಹೋಗಿದ್ದಿರಿ ಎಂಬುದೊಂದೇ ಪ್ರಶ್ನೆ. ಆ ಅಂಕಿಗಳಿಂದ ಜ್ವರ ಯಾರಿಂದ ಯಾರಿಗೆ ದಾಟುತ್ತದೆ ಎಂಬ ಮಾದರಿಯನ್ನು ಕಾಲೇಜಿನಿಂದ ಕರೆಸಿದ್ದ ಗಣಿತದ ಮೇಷ್ಟ್ರು ಕಟ್ಟುತ್ತಿದ್ದರು. ಇರುವುದೇ ಸ್ವಲ್ಪ ಲಸಿಕೆ. ಅದು ಮೊದಲು ಯಾರಿಗೆ ಎಂದು ಗುರುವಾರದ ಸಭೆ ಆ ಮಾದರಿ ನೋಡಿ ತೀರ್ಮಾನಿಸಬೇಕು. ಕರಡು ಪಟ್ಟಿಯಲ್ಲಿ ಬಸ್ ಕಂಡಕ್ಟರುಗಳು ಮೊದಲು, ಗೃಹಿಣಿಯರು ಕಟ್ಟಕಡೆಗೆ.

ಅಂಕಿ ತುಂಬುತ್ತಿದ್ದ ಅವಳ ಕೈ ತನ್ನದೇ ಮನೆಯ ಫಾರಂ ಮುಂದೆ ನಿಂತಿತು. ಬಾಗಿಲಲ್ಲಿ ನಿಂತು ಎಲ್ಲರ ಪರವಾಗಿ ಉತ್ತರಿಸಿದವನು ಮೈದುನ. ಅವನ ಹೆಂಡತಿ, ಅಂದರೆ ಇವಳ ಓರಗಿತ್ತಿ, ಹತ್ತಿರ ಹೋದದ್ದು ಇಬ್ಬರ ಬಳಿ ಮಾತ್ರವಂತೆ. ಹಾಸಿಗೆ ಹಿಡಿದ ಅತ್ತೆಯ ಮೈ ಒರೆಸಿ, ಪಕ್ಕದ ಮನೆಯ ಜ್ವರದ ಮಕ್ಕಳಿಗೆ ಔಷಧಿ ಕುಡಿಸಿ, ಶಾಲೆಯ ಗೇಟಿನಿಂದ ಐದು ಮಕ್ಕಳನ್ನು ಕರೆತರುವವಳು ಅವಳು. ಸಾಲದ್ದಕ್ಕೆ ಚಿಕ್ಕಂದಿನಿಂದ ಉಬ್ಬಸ. ಈ ಜ್ವರ ತಗುಲಿದರೆ ಉಳಿಯುವುದು ಕಷ್ಟವೆಂದು ವೈದ್ಯರು ಹೇಳಿಬಿಟ್ಟಿದ್ದರು.

ಗುಮಾಸ್ತೆ ಫಾರಂ ಹಿಡಿದು ಮೇಷ್ಟ್ರ ಕೋಣೆಗೆ ಹೋದಳು. ಒಂದು ಮನೆಯಿಂದ ಮಾದರಿ ಅಲ್ಲಾಡುವುದಿಲ್ಲ ಎಂದರು ಅವರು, ಸೌಜನ್ಯದಿಂದಲೇ.

"ಅನ್ನ ಬೆಂದಿದೆಯಾ ನೋಡೋಕೆ ಒಂದು ಅಗುಳು ಸಾಕು ಸಾರ್."

"ನಂಗೆ ಸಾಲದಮ್ಮ. ಬುಧವಾರದೊಳಗೆ ನಲವತ್ತು ಅಗುಳು ತನ್ನಿ, ನೋಡೋಣ."

ಮೇಷ್ಟ್ರೇ ಚೀಟಿ ಎತ್ತಿ ಆರಿಸಿಕೊಟ್ಟ ನಲವತ್ತು ಮನೆಗಳಿಗೆ ಅವಳು ಎರಡು ಮಧ್ಯಾಹ್ನ ಅಲೆದಳು. ಸೋಜಿಗವೆಂದರೆ ಹೆಂಗಸರೂ ಗಂಡಸರ ಉತ್ತರವನ್ನೇ ಕೊಟ್ಟರು: ನಾವೆಲ್ಲಿ, ಯಾರನ್ನ ಭೇಟಿಯಾಗ್ತೀವಿ? ಗುಮಾಸ್ತೆ ಫಾರಂನ ಪ್ರಶ್ನೆಯನ್ನೇ ಮಡಿಸಿ ಚೀಲಕ್ಕೆ ಹಾಕಿದಳು. ಬೆಳಗ್ಗೆ ಎದ್ದವರು ಮೊದಲು ಯಾರ ಮುಖ ತೊಳೆಸಿದಿರಿ, ಆಮೇಲೆ ಯಾರಿಗೆ ತಿನ್ನಿಸಿದಿರಿ, ಯಾರ ಮಗು ನಿಮ್ಮ ತೊಡೆಯ ಮೇಲೆ ನಿದ್ದೆ ಹೋಯಿತು ಎಂದು ಕೇಳುತ್ತ ಹೋದಳು. ಉತ್ತರಿಸುವವರು ಬೆರಳು ಸಾಲದೆ ನಕ್ಕರು. ಒಬ್ಬಾಕೆ ಮಾತ್ರ ನಗದೆ ಮತ್ತೆ ಮೊದಲಿನಿಂದ ಎಣಿಸಿದಳು.

ಸರಾಸರಿ ಹದಿನಾಲ್ಕು ಬಂತು. ಮೇಷ್ಟ್ರು ಬುಧವಾರ ಊಟ ಮರೆತು ಹೊಸ ಅಂಕಿ ಹಾಕಿ ಮಾದರಿಯನ್ನು ಮತ್ತೆ ಕಟ್ಟಿದರು. ಜ್ವರ ಮನೆಯೊಳಗೆ ಕಾಲಿಡುತ್ತಿದ್ದದ್ದು ಹೊರಗೆ ದುಡಿಯುವವರೊಂದಿಗೆ. ಮನೆಯಿಂದ ಮನೆಗೆ ದಾಟುತ್ತಿದ್ದದ್ದು ಆರೈಕೆ ಮಾಡುವವರ ಮೂಲಕ. ಸಭೆ ಬಹಳ ಹೊತ್ತು ಚರ್ಚಿಸಿ, ರೋಗಿಗಳಿರುವ ಮನೆಯ ಆರೈಕೆದಾರರನ್ನು ಕಂಡಕ್ಟರುಗಳ ಜೊತೆಗೇ ಸೇರಿಸಿತು.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ಲಸಿಕೆಗೆ ಬರಬೇಕೆಂದು ಓರಗಿತ್ತಿಗೆ ಚೀಟಿ ಬಂತು. ಅವಳು ಅದನ್ನು ಓದಿ ಮಡಿಸಿಟ್ಟಳು. "ಅಕ್ಕಾ, ಹತ್ತಕ್ಕೆ ಅತ್ತೆಗೆ ತಿನ್ನಿಸ್ಬೇಕಲ್ಲ. ನಾನು ಹೇಗೆ ಹೋಗ್ಲಿ?"

ಇದು ಗುಮಾಸ್ತೆಗೂ ಹೊಳೆದಿರಲಿಲ್ಲ. ಅವಳು ಮೈದುನನ ಕಡೆ ನೋಡಿದಳು.

"ನಂಗೆ ತಿನ್ನಿಸೋಕೆ ಬರಲ್ಲ ಅತ್ತಿಗೆ," ಎಂದ ಅವನು.

"ಅವರು ನಿಮಗೆ ತಿನ್ನಿಸಿದ್ರಲ್ಲ, ಹಾಗೇ."

ಮಂಗಳವಾರ ಅವನು ಅರ್ಧ ದಿನ ರಜೆ ಹಾಕಿದ. ಓರಗಿತ್ತಿಯರು ಚಪ್ಪಲಿ ಮೆಟ್ಟಿ ಹೊರಟರು. ಒಳಗಿನಿಂದ ಚಮಚ ಎಲ್ಲಿದೆ ಎಂಬ ಕೂಗು ಕೇಳಿಸಿತು. ಉತ್ತರಿಸಲು ತಿರುಗಿದ ಓರಗಿತ್ತಿಯ ಮೊಣಕೈ ಹಿಡಿದು ಗುಮಾಸ್ತೆ ಗೇಟು ದಾಟಿಸಿದಳು.