ಲಚ್ಚಿಯನ್ನು ಲಕ್ಷ್ಮಿ ಮಾಡಿದ್ದು

ಕುಂದಾಪುರದಲ್ಲಿ ನನ್ನ ಟ್ಯಾಕ್ಸ್ ರಿಟರ್ನ್ ನೋಡಿಕೊಳ್ಳುವ ಆಡಿಟರ ಆಫೀಸಿನಲ್ಲಿ ಈಗ ಎ.ಸಿ., ಕಂಪ್ಯೂಟರು, ಗಾಜಿನ ಬಾಗಿಲು. ಆದರೂ ಹೋದ ತಿಂಗಳು ಅಲ್ಲಿನ ಹುಡುಗಿ ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ತೆಗೆದಾಗ, ಆ ನೇರಳೆ ಶಾಯಿಯ ವಾಸನೆ... "ಆಂಟಿ, ನಿಮ್ಮ್ ಹೆಸ್ರಿನ್ ಸ್ಪೆಲ್ಲಿಂಗ್ ಒಂಚೂರ್ ಕಾಣಿ" ಎಂದು ಅವಳು ಕಾಗದ ಮುಂದೆ ಹಿಡಿದಳು. ನನಗೆ ನಮ್ಮ ರೈಟರು ನೆನಪಾದರು.

ರೈಟರು ಅಂದರೆ ಆಥರ್ ಅಲ್ಲ. ನಮ್ಮ ಕಡೆಯ ಹಂಚಿನ ಕಾರ್ಖಾನೆಗಳಲ್ಲಿ ಲೆಕ್ಕ ಬರೆಯುವವರನ್ನು ಹಾಗೆ ಕರೆಯುತ್ತಿದ್ದೆವು. ಕಾನ್ವೆಂಟಿನಲ್ಲಿ ಓದಿ, ಟೈಪಿಂಗ್ ಪಾಸು ಮಾಡಿ, ಹೊಳೆದಂಡೆಯ ಆ ಕಾರ್ಖಾನೆಗೆ ಸೇರಿದಾಗ ನನಗೆ ಇಪ್ಪತ್ತೆರಡು. ಆಫೀಸು ಅಂದರೆ ಮಾಳಿಗೆಯ ಒಂದು ಕೋಣೆ. ಕೆಳಗೆ ದೋಣಿಗಳಿಂದ ಆವೆಮಣ್ಣು ಇಳಿಯುತ್ತಿತ್ತು. ಮೇಲೆ ಲೆಡ್ಜರಿನ ಹಾಳೆ ಹಾಳೆಗೂ ಕೆಂಪು ಧೂಳು. ಪುಟ ತಿರುಗಿಸುವ ಮೊದಲು ರೈಟರು ಒಮ್ಮೆ ಊದುತ್ತಿದ್ದರು. ಊದಿ ಊದಿಯೇ ಅವರ ಕೆನ್ನೆ ಉಬ್ಬಿದ್ದೆಂದು ಹಂಚು ಹೊರುವ ಹೆಂಗಸರು ತಮಾಷೆ ಮಾಡುತ್ತಿದ್ದರು.

ಅವರ ಕನ್ನಡ ಬರಹ ಅಚ್ಚು ಹಾಕಿದಂತೆ. ಇಂಗ್ಲಿಷು ಮಾತ್ರ... ಸಹಿಯೊಂದನ್ನು ಚಿತ್ರ ಬಿಡಿಸಿದಂತೆ ಕಲಿತಿದ್ದರು, ಅಷ್ಟೆ. ಅದು ನನಗೊಬ್ಬಳಿಗೇ ಗೊತ್ತಿತ್ತು. ಇಂಗ್ಲಿಷ್ ಪತ್ರ ಬಂದರೆ ನನ್ನ ಟೇಬಲಿನ ಮೇಲಿಟ್ಟು, "ಇಂಗ್ಲಿಷಮ್ಮ, ನನ್ ಕನ್ನಡ್ಕ ಮನೆಯಂಗೇ ಉಳ್ದಿತ್ತ್. ಒಂಚೂರ್ ಓದ್ ಕಾಂಬ" ಎನ್ನುತ್ತಿದ್ದರು. ಕನ್ನಡಕ ಮೂಗಿನ ಮೇಲೇ ಇರುತ್ತಿತ್ತು.

ಒಂದು ವರ್ಷ ಕೆಲಸದವರ ಪಿ.ಎಫ್. ಪಟ್ಟಿಯನ್ನು ಇಂಗ್ಲಿಷಿನಲ್ಲಿ ಕಳಿಸಬೇಕಾಯಿತು. ರೈಟರ ಹಾಜರಿ ಪುಸ್ತಕದಲ್ಲಿ ಹೆಂಗಸರೆಲ್ಲ ಕರೆಯುವ ಹೆಸರಿನಲ್ಲೇ ಇದ್ದರು: ಲಚ್ಚಿ, ಸೀತು, ಗಿರ್ಜಿ. "ಇದ್ದದ್ದ್ ಇದ್ದ್ಹಾಂಗೇ ಟೈಪ್ ಹೊಡಿ, ಇಂಗ್ಲಿಷಮ್ಮ" ಎಂದು ರೈಟರು ಮೊದಲೇ ಹೇಳಿದ್ದರು. ಆದರೆ ಅಫಿಶಿಯಲ್ ಪೇಪರಿನಲ್ಲಿ ಪೆಟ್ ನೇಮ್ ಬರೆಯುವುದು ಬ್ಯಾಡ್ ಮ್ಯಾನರ್ಸ್ ಎಂದು ನಮಗೆ ಸಿಸ್ಟರ್ಸ್ ಕಲಿಸಿದ್ದರಲ್ಲ! ಯಾರನ್ನೂ ಕೇಳದೆ ನಾನು ಲಚ್ಚಿಯನ್ನು ಲಕ್ಷ್ಮಿ ಮಾಡಿದೆ, ಉಳಿದವರ ಹೆಸರನ್ನೂ ಹಾಗೆಯೇ ಬದಲಿಸಿದೆ. ರೈಟರು ನನ್ನ ಮುಖವನ್ನೊಮ್ಮೆ ನೋಡಿ, ನಂಬಿ, ಮೊಹರು ಒತ್ತಿ ಸಹಿ ಹಾಕಿದರು.

ಐದಾರು ವರ್ಷಗಳ ಮೇಲೆ ವಯಸ್ಸಾಗಿ ಲಚ್ಚಿ ಕೆಲಸ ಬಿಟ್ಟಳು. ಪಿ.ಎಫ್. ಅರ್ಜಿ ವಾಪಸು ಬಂತು. ಅವಳ ರೇಷನ್ ಕಾರ್ಡಿನಲ್ಲಿ ಲಚ್ಚಿ. ಪಟ್ಟಿಯಲ್ಲಿ ಮೂವರು ಲಕ್ಷ್ಮಿಯರು, ಲಚ್ಚಿ ಎಂಬವಳೇ ಇಲ್ಲ. ಅವಳು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದು, "ರೈಟ್ರೇ, ಮೂವತ್ತ್ ವರ್ಷ ಹಂಚ್ ಹೊತ್ತದ್ದ್ ಯಾರ್ ಹಂಗಾರೆ? ನನ್ ದೆವ್ವವಾ?" ಎಂದಳು.

ಮರುದಿನ ಕಾರ್ಖಾನೆಯ ಧಣಿಗಳೇ ಬಂದರು. ಪಟ್ಟಿಯನ್ನು ರೈಟರ ಕೈಗಿತ್ತು, "ಓದಿ" ಎಂದರು. ರೈಟರು ಹಾಳೆ ಹಿಡಿದು ನಿಂತೇ ಇದ್ದರು... ನಾನು ಟೈಪ್‌ರೈಟರಿಗೆ ಕಾರ್ಬನ್ ಸಿಕ್ಕಿಸುತ್ತಾ ಕೂತಿದ್ದೆ. ನನ್ನಿಂದ ಒಂದು ಸೆಂಟೆನ್ಸ್ ಸಾಕಿತ್ತು.

"ನಂಗ್ ಇಂಗ್ಲಿಷ್ ಬತ್ತಿಲ್ಲೆ, ಧಣಿ. ಸಹಿ ನಂದೇ, ತಪ್ಪೂ ನಂದೇ" ಎಂದರು ರೈಟರು. ನನ್ನತ್ತ ನೋಡಲೂ ಇಲ್ಲ.

ಮುಂದಿನ ತಿಂಗಳು ಬಿ.ಕಾಂ. ಆದವರೊಬ್ಬರು ಆ ಕುರ್ಚಿಗೆ ಬಂದು ಉಳಿದ ಹೆಸರುಗಳನ್ನು ತಿದ್ದಿಸಿದರು. ರೈಟರಿಗೆ ಗೇಟಿನ ಬಳಿ ಲಾರಿ ನಂಬರು ಬರೆದುಕೊಳ್ಳುವ ಕೆಲಸ. ಹೆಬ್ಬೆಟ್ಟಿನ ಗುರುತಿದ್ದ ಹಳೆಯ ಹಾಜರಿ ಪುಸ್ತಕಗಳನ್ನು ಹೊತ್ತು, ಲಚ್ಚಿಯನ್ನು ಕರೆದುಕೊಂಡು ಅವರು ನಾಲ್ಕು ಸಲ ಮಂಗಳೂರಿನ ಪಿ.ಎಫ್. ಆಫೀಸಿಗೆ ಹೋಗಿಬಂದರು. ಅವಳ ಕೆಲಸ ಆಯಿತು. ಇವರಿಗೆ ಕುರ್ಚಿ ಮಾತ್ರ ಮರಳಿ ಸಿಗಲಿಲ್ಲ. ದಿನಾ ಬೆಳಿಗ್ಗೆ ಗೇಟಿನಲ್ಲಿ, "ಬಂದ್ಯಾ, ಇಂಗ್ಲಿಷಮ್ಮ?" ಎನ್ನುತ್ತಿದ್ದರು, ಮೊದಲಿನ ಹಾಗೇ. ಟು ಬಿ ಫ್ರ್ಯಾಂಕ್, ಬೈದಿದ್ದರೆ ಸುಲಭವಿತ್ತು...

ಆಡಿಟರ ಆಫೀಸಿಗೆ ಹೋಗಿಬಂದ ಮರುದಿನ ನಾನು ರೈಟರ ಮನೆಯಿದ್ದ ಉಪ್ಪುಂದದ ಬಸ್ಸು ಹತ್ತಿದೆ. ರೈಟರು ತೀರಿಕೊಂಡು ಆರು ವರ್ಷವಾಗಿತ್ತಂತೆ. ಅವರ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದೆ.

ಆಕೆ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟರು. "ನಾವೆಲ್ಲ ಅವ್ರನ್ನೇ ಬೈದದ್ದ್. ಇಂಗ್ಲಿಷ್ ಬತ್ತಿಲ್ಲೆ ಅಂದ್ರೆ ಸಹಿ ಎಂತಕ್ಕ್ ಹಾಕ್ದ್ರಿ ಅಂದೇಳಿ ಮಗ ಊಟಕ್ಕ್ ಕೂಕಂಡಾಗೆಲ್ಲ ನೆಗಾಡ್ತಿದ್ದ. ಒಂದ್ ಮಾತ್ ಆಡ್ಲಿಲ್ಲೆ ಮನ್ಷ. ಅವ್ರ್ ಬದ್ಕಿಪ್ಪಾಗ್ಳೇ ಬಂದ್ ಹೇಳ್ಬೇಕಿತ್ತಲೆ, ಮಾರಾಯ್ತಿ?"

ಸಾರಿ ಎಂಬ ಪದ ಬಾಯಿಗೆ ಬಂತು. ನುಂಗಿಕೊಂಡೆ.

ಆಕೆ ಒಳಗಿದ್ದ ಮಗನನ್ನು ಕೂಗಿ ನನ್ನತ್ತ ತಿರುಗಿದರು. "ಇನ್ನೊಂದ್ಸಲ ಹೇಳ್. ಇವ್ನೂ ಕೇಣ್ಲಿ."

ತಲೆ ನರೆತ ಮಗ ಬಾಗಿಲಿಗೆ ಬಂದು ನಿಂತ. ನಾನು ಮೊದಲಿನಿಂದ ಶುರು ಮಾಡಿದೆ.