ಮೂರು ಚುಕ್ಕೆಯ ಬುಷ್

ವಿನೋಬನಗರದ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಟರ್ನರ್ ಚಾಚಾ ಎಂದೇ ಕರೆಯುತ್ತಿದ್ದರು. ಹರಿಹರದಲ್ಲಿ ಲೋಹ ಕಡೆಯುವ ಲೇತ್ ಯಂತ್ರದ ಕೆಲಸ ಮಾಡಿ ನಿವೃತ್ತರಾದ ಮೇಲೆ, ಗುಜರಿ ಸೇರಿದ, ತೋಟಕ್ಕೆ ಬಳಸುವ ಸಣ್ಣ ಟ್ರ್ಯಾಕ್ಟರುಗಳನ್ನು ತಂದು ಮತ್ತೆ ಓಡಿಸುವುದೇ ಅವರ ಶೋಕಿಯಾಯಿತು. ಏನು ಬಿಚ್ಚಿದರೂ ಹಿಂದಿನ ಮೆಕ್ಯಾನಿಕ್‌ಗೆ ಬೈಗುಳ ತಪ್ಪುತ್ತಿರಲಿಲ್ಲ. "ಯಾವನ್ರೀ ಇದನ್ನ ಮಾಡಿದವ?" ಎಂದು, ಅವನು ನಾನೇ ಎಂಬಂತೆ, ಪಕ್ಕದಲ್ಲಿ ನಿಂತಿರುತ್ತಿದ್ದ ನನ್ನತ್ತ ನೋಡುತ್ತಿದ್ದರು.

ಒಮ್ಮೆ ಹರಿಹರದ ಹತ್ತಿರದ ಗುತ್ತೂರಿನಿಂದ ತಂದ ಟ್ರ್ಯಾಕ್ಟರಿನ ಸ್ಟೇರಿಂಗ್ ಅಲುಗಾಡುತ್ತಿತ್ತು. ಬಿಚ್ಚಿದಾಗ ಬಳೆಯಂಥ ಹಿತ್ತಾಳೆಯ ಬುಷ್ ಒಂದು ಹೊರಬಂತು. ಅದರ ತೂತು ನಡುವಿಗೇ ಇರಲಿಲ್ಲ.

"ಯಾವನ್ರೀ ಇದನ್ನ ಮಾಡಿದವ? ಇವ್ನಿಗೆ ಲೇತ್ ಮುಟ್ಟಾಕೆ ಬಿಟ್ಟವ್ರು ಯಾರು?" ಎಂದು ಬೈಯುತ್ತಲೇ ಗ್ರೀಸ್ ಒರೆಸಿದರು. ಅಂಚಿನಲ್ಲಿ ಮೂರು ಚುಕ್ಕೆಗಳು ಕಂಡವು. ತಾವು ಮಾಡಿದ ಪ್ರತಿಯೊಂದು ಬಿಡಿಭಾಗಕ್ಕೂ ಚಾಚಾ ಹೊಡೆಯುತ್ತಿದ್ದ ಗುರುತು ಅದೇ.

ಅವರು ಬುಷ್ ಅನ್ನು ಬೆಳಕಿಗೆ ಹಿಡಿದು ಚುಕ್ಕೆಗಳ ಮೇಲೆ ಬೆರಳಾಡಿಸಿದರು. "ಕೆಲ್ಸ ಕಲಿಯೋವಾಗ ಮಾಡಿದ್ದು," ಎಂದರು ಕೊನೆಗೆ. "ಆ ವಯಸ್ಸಿಗೇ ಗುರ್ತು ಹೊಡೆಯೋ ಧಿಮಾಕು ನೋಡ್ರಿ."

ಹೊಸ ಬುಷ್ ಮಾಡಿ ಹಾಕಿದ ಮೇಲೆ ಸ್ಟೇರಿಂಗ್ ಒಂದೇ ಬೆರಳಿಗೆ ತಿರುಗುವಂತಾಯಿತು. ಹಸಿರು ಬಣ್ಣದಲ್ಲಿ ಮಿಂಚುವ ಆ ಟ್ರ್ಯಾಕ್ಟರ್ ನೋಡಲು ಹರಿಹರದಿಂದಲೂ ಜನ ಬಂದರು. ಅವರು ಹೊಗಳಲು ಶುರುಮಾಡಿದರೆ ಸಾಕು, ಚಾಚಾ ಕಿಸೆಯಿಂದ ಹಳೆಯ ಬುಷ್ ತೆಗೆದು ಅವರ ಅಂಗೈ ಮೇಲಿಡುತ್ತಿದ್ದರು.

"ಮೊದ್ಲು ಇದನ್ನ ನೋಡ್ರಿ. ಇದನ್ನೂ ನಾನೇ ಮಾಡಿದ್ದು."